ಎಸ್‌ಜಿ ಐರನ್ ಬ್ರಾಕೆಟ್: ವರ್ನಿಯರ್‌ನಲ್ಲಿ 40, ಥಿಕ್‌ನೆಸ್ ಮೀಟರ್‌ನಲ್ಲಿ 47. ಮೀಟರ್ ಕೆಟ್ಟಿದೆಯಾ?

ಅಂತರಸನಹಳ್ಳಿ ಹುಡುಗ:
ತುಮಕೂರಿನ ಚಿಕ್ಕ ಮಷಿನ್ ಶಾಪ್ ಒಂದರಲ್ಲಿ ಇನ್‌ಸ್ಪೆಕ್ಷನ್ ನನ್ನದು. ಫೌಂಡ್ರಿಯಿಂದ ಬಂದ ಎಸ್‌ಜಿ ಐರನ್ (ಗ್ರಾಫೈಟ್ ದುಂಡಗಿರುವ ಎರಕದ ಕಬ್ಬಿಣ) ಬ್ರಾಕೆಟ್‌ಗಳಿಗೆ ಎರಡೂ ಕಡೆ ಮಷಿನಿಂಗ್ ಆಗಿದೆ. ವರ್ನಿಯರ್ ಹಿಡಿದರೆ ಎಲ್ಲವೂ 40 ಮಿ.ಮೀ. ಶಬ್ದ ಕಳಿಸಿ ದಪ್ಪ ಅಳೆಯುವ ಅಲ್ಟ್ರಾಸೋನಿಕ್ ಮೀಟರ್ ಇಟ್ಟರೆ ಹೆಚ್ಚಿನವು 42.3, ಆರು ಪೀಸ್ ಮಾತ್ರ 47.1. ಮೀಟರ್ ಪರೀಕ್ಷಿಸುವ ಸ್ಟೀಲ್ ಸ್ಟೆಪ್ ಬ್ಲಾಕ್ (ದಪ್ಪ ಮೊದಲೇ ಗೊತ್ತಿರುವ ಮೆಟ್ಟಿಲು ತುಂಡು) ಮೇಲೆ ಅದೇ ಮೀಟರ್ ಕರೆಕ್ಟಾಗಿದೆ! ಓನರ್ ಅಂತೂ "ಮೀಟರ್ ಹೋಗಿದೆ, ಪಕ್ಕಕ್ಕಿಡು" ಅಂದುಬಿಟ್ಟರು.

ಗ್ರೀಸ್ ಕೈ:
ಪ್ರೋಬ್ (ಮೀಟರ್‌ನ ಶಬ್ದ ಕಳಿಸುವ ತುದಿ) ಕೆಳಗೆ ಜೆಲ್ ಕಮ್ಮಿ ಹಾಕಿರಬೇಕು. ನಾನಂತೂ ಗ್ರೀಸನ್ನೇ ಹಚ್ಚುತ್ತೇನೆ.

ಅಂತರಸನಹಳ್ಳಿ ಹುಡುಗ:
ಜೆಲ್ ಧಾರಾಳವಾಗಿದೆ ಸಾರ್. ಪ್ರೋಬ್ ಬದಲಾಯಿಸಿಯೂ ನೋಡಿದೆ. ಮತ್ತೆ ಅದೇ ಆರು.

ಹಳೇ ಪ್ರೋಬ್:
ಮೀಟರ್ ಚೆನ್ನಾಗಿದೆ ತಮ್ಮಾ, ಎಸೀಬೇಡ. ಅದಕ್ಕೆ ಗೊತ್ತಾಗುವುದು ಶಬ್ದ ಹೋಗಿ ಬರುವ ಟೈಮ್ ಒಂದೇ. ಆ ಟೈಮನ್ನು ನೀನು ಹಾಕಿಟ್ಟ ವೇಗದಿಂದ ಗುಣಿಸಿ, ಅರ್ಧ ಮಾಡಿ, ದಪ್ಪ ಅಂತ ತೋರಿಸುತ್ತದೆ. ನಿನ್ನದು ಸ್ಟೀಲ್ ಸೆಟ್ಟಿಂಗ್, ಸೆಕೆಂಡಿಗೆ 5920 ಮೀಟರ್ ಅಲ್ವಾ? ತಿರುಗಿಸಿ ಲೆಕ್ಕ ಹಾಕು. 5920 × 40 ÷ 42.3 ಅಂದರೆ ಸುಮಾರು 5600. ಒಳ್ಳೇ ಎಸ್‌ಜಿ ಐರನ್‌ಗೆ ಇದು ಸರಿಯಾದ ವೇಗ. ಆ ಆರಕ್ಕೆ ಬರುವುದು ಸುಮಾರು 5030. ಅಲ್ಲೇ ಇದೆ ನೋಡು ಕಿತಾಪತಿ.

ಎಸ್‌ಜಿಯಲ್ಲಿ ಗ್ರಾಫೈಟ್ ಸಾಸಿವೆ ಕಾಳಿನ ಹಾಗೆ ದುಂಡಗಿರಬೇಕು. ಹುಳದ ಥರವೋ ಪದರದ ಥರವೋ ಆದರೆ ಶಬ್ದ ನಿಧಾನವಾಗುತ್ತದೆ. ಗ್ರಾಫೈಟನ್ನು ದುಂಡಗೆ ಮಾಡುವುದು ಮೆಗ್ನೀಸಿಯಂ. ಲ್ಯಾಡಲ್‌ನಲ್ಲಿ (ಅಚ್ಚಿಗೆ ಸುರಿಯುವ ಪಾತ್ರೆ) ಕರಗಿದ ಲೋಹ ಜಾಸ್ತಿ ಹೊತ್ತು ನಿಂತರೆ ಮೆಗ್ನೀಸಿಯಂ ಕಮ್ಮಿಯಾಗುತ್ತಾ ಹೋಗುತ್ತದೆ. ಕೊನೆಯಲ್ಲಿ ಸುರಿದ ಅಚ್ಚುಗಳಿಗೆ ಏಟು. ಒಂದನ್ನು ಕೊಯ್ದು, ಪಾಲಿಶ್ ಮಾಡಿ, ಮೈಕ್ರೋಸ್ಕೋಪ್‌ನಲ್ಲಿ 100 ಪಟ್ಟು ಹಿಗ್ಗಿಸಿ ನೋಡು. ಸುತ್ತಿಗೆಯಲ್ಲಿ ತಟ್ಟಿದರೂ ಸುಮಾರಾಗಿ ಗೊತ್ತಾಗುತ್ತದೆ. ಒಳ್ಳೇದು ಗಂಟೆ ಥರ ನುಡಿಯುತ್ತದೆ, ಕೆಟ್ಟದ್ದು ಮಂಕು.

ಅಂತರಸನಹಳ್ಳಿ ಹುಡುಗ:
ಅಣ್ಣಾ, ಕೊಯ್ಯಿಸಿದೆ. ದುಂಡು ಕಾಳು ಅಲ್ಲೊಂದು ಇಲ್ಲೊಂದು, ಉಳಿದದ್ದೆಲ್ಲ ಹುಳ ಹುಳ. ಫೌಂಡ್ರಿಯವರು ಮೊದಲು ಕೂಗಾಡಿದರು, ಫೋಟೋ ಕಳಿಸಿದ ಮೇಲೆ ಕೊನೇ ಲ್ಯಾಡಲ್ ತಡವಾಗಿತ್ತು ಅಂತ ಒಪ್ಪಿಕೊಂಡರು. ಇನ್ನು ಮಷಿನಿಂಗ್‌ಗೆ ಮುಂಚೆಯೇ ಹಿಡಿಯಬಹುದಾ? ಟೂಲ್ ಖರ್ಚು ಸುಮ್ನೆ ಹೋಯ್ತು.

ಹಳೇ ಪ್ರೋಬ್:
ಹಿಡಿಯಬಹುದು. ಎದುರುಬದುರು ಎರಡು ಕಡೆ ನಾಣ್ಯದಷ್ಟು ಜಾಗ ಗ್ರೈಂಡ್ ಮಾಡು. ಅಲ್ಲೇ ವರ್ನಿಯರ್, ಅಲ್ಲೇ ಪ್ರೋಬ್. ಗ್ರೈಂಡ್ ಮಾಡದ ಒರಟು ಮೇಲ್ಮೈ ಮೇಲೆ ಮಾತ್ರ ಇಡಬೇಡ.