ನೋಟಿನ ಕಂತೆಗೂ ಹಿಟ್ಲರನಿಗೂ ನಡುವೆ ಹತ್ತು ವರ್ಷ ಎಲ್ಲಿ ಹೋಯಿತು?

ಇಸವಿ_ಲೆಕ್ಕ:
ಎಲ್ಲರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ನಡುವಿನ ಜರ್ಮನಿ ಬಗ್ಗೆ ಓದುತ್ತಿದ್ದೇನೆ. ಎಲ್ಲಿ ನೋಡಿದರೂ ಒಂದೇ ಕಥೆ. ತಳ್ಳುಗಾಡಿಯಲ್ಲಿ ನೋಟು ತುಂಬಿಕೊಂಡು ಬ್ರೆಡ್ ತರಲು ಹೋಗುತ್ತಿದ್ದರು, ಜನ ರೋಸಿಹೋದರು, ಹಿಟ್ಲರ್ ಬಂದ. ಸರಿ ಅಂತ ಇಸವಿಗಳನ್ನು ಸಾಲಾಗಿ ಬರೆದುಕೊಂಡೆ, ತಲೆ ಕೆಟ್ಟಿತು. ಹಣದುಬ್ಬರ 1923ರದ್ದು. ಹಿಟ್ಲರ್ ಚಾನ್ಸೆಲರ್ (ಸರ್ಕಾರದ ಮುಖ್ಯಸ್ಥ) ಆಗಿದ್ದು 1933ರ ಜನವರಿ 30ರಂದು. ಹತ್ತು ವರ್ಷ ಜನ ಸಿಟ್ಟನ್ನು ಉಪ್ಪಿನಕಾಯಿ ಹಾಕಿಟ್ಟುಕೊಂಡಿದ್ದರಾ? ಗೊತ್ತಿದ್ದವರು ಬಿಡಿಸಿ ಹೇಳಿ.

ನೇರಮಾತು:
ಇದರಲ್ಲಿ ಗೊಂದಲ ಏನಿದೆ? ಮೊದಲ ಮಹಾಯುದ್ಧ ಸೋತ ಜರ್ಮನಿಯಿಂದ ಸಹಿ ಹಾಕಿಸಿಕೊಂಡ ವರ್ಸೇಲ್ಸ್ ಒಪ್ಪಂದ. ಜರ್ಮನಿ ಮೇಲೆ 13,200 ಕೋಟಿ ಚಿನ್ನದ ಮಾರ್ಕ್ (ಮಾರ್ಕ್ ಅಂದರೆ ಜರ್ಮನಿಯ ಹಣ) ಯುದ್ಧ ಪರಿಹಾರ ಹೇರಿದರು. ಅದನ್ನು ಕಟ್ಟಲು ನೋಟು ಅಚ್ಚು ಹಾಕಿದರು, ದೇಶ ಮುಳುಗಿತು. ಮುಂದಿನದು ಎಲ್ಲರಿಗೂ ಗೊತ್ತು.

ಹಳೇನೋಟು:
ನೇರಮಾತು ಅವರೇ, ಅಷ್ಟು ಸಲೀಸಲ್ಲ. ಪರಿಹಾರವನ್ನು ಚಿನ್ನ, ವಿದೇಶಿ ಹಣ, ಕಲ್ಲಿದ್ದಲು ಇಂಥದ್ದರಲ್ಲಿ ಕೊಡಬೇಕಿತ್ತು. ಕಾಗದದ ಮಾರ್ಕ್ ಅವರಿಗೆ ಬೇಡವಾಗಿತ್ತು. ಮಾರ್ಕ್ ಅಚ್ಚು ಹಾಕಿ ಡಾಲರ್ ಕೊಂಡಿದ್ದು ನಿಜ, ಅದರಿಂದ ಮಾರ್ಕ್ ಬಿದ್ದಿದ್ದೂ ನಿಜ. ಆದರೆ ಆ 13,200 ಕೋಟಿಯಲ್ಲಿ 8,200 ಕೋಟಿ ಬರೀ ಹೆಸರಿಗೆ. ಅದು ವಸೂಲಾಗುತ್ತದೆ ಅಂತ ಕೇಳಿದವರೂ ನಂಬಿರಲಿಲ್ಲ.

ಕಾಯಿಲೆ ಶುರುವಾಗಿದ್ದು ಯುದ್ಧದಲ್ಲೇ. ಯುದ್ಧದ ಖರ್ಚಿಗೆ ತೆರಿಗೆ ಏರಿಸುವ ಬದಲು ಸರ್ಕಾರ ಜನರ ಹತ್ತಿರ ಸಾಲ ಎತ್ತಿತು. ಗೆದ್ದರೆ ಸೋತವರಿಂದ ವಸೂಲಿ ಮಾಡೋಣ ಅನ್ನುವ ಲೆಕ್ಕ. ಸೋತರು.

ನನಗೆ ಹಳೇ ನೋಟು ಕೂಡಿಡುವ ಹುಚ್ಚು. ಈಗ ಮೇಜಿನ ಮೇಲೆ ಒಂದನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಕಂದು ಬಣ್ಣದ 1000 ಮಾರ್ಕ್ ನೋಟು, ತಾರೀಕು 1922ರ ಡಿಸೆಂಬರ್ 15. ಅದರ ಮೇಲೆ ಓರೆಯಾಗಿ, ದಪ್ಪ ಕೆಂಪು ಅಕ್ಷರದಲ್ಲಿ ಇನ್ನೊಂದು ಬೆಲೆ ಒತ್ತಿದ್ದಾರೆ: ನೂರು ಕೋಟಿ ಮಾರ್ಕ್. ಹೊಸ ನೋಟು ಮಾಡಲೂ ಪುರುಸೊತ್ತಿಲ್ಲ, ಹಳೆಯದರ ಮೇಲೇ ಠಪ್ಪನೆ ಒತ್ತಿದ್ದು. 1923ರ ಕೊನೆಗೆ ಬರ್ಲಿನ್‌ನಲ್ಲಿ ಒಂದು ಬ್ರೆಡ್ಡಿಗೆ ಸುಮಾರು 20,000 ಕೋಟಿ ಮಾರ್ಕ್. ಅಂದರೆ ಇಂಥ 200 ನೋಟು. ತಳ್ಳುಗಾಡಿ ಕಥೆ ಸುಳ್ಳಲ್ಲ.

ಆ ವರ್ಷವೇ ಯಾಕೆ ಅಷ್ಟು ಕೆಟ್ಟಿತು ಅಂದರೆ, 1923ರ ಜನವರಿ 11ರಂದು ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯ ರೂರ್ ಕಣಿವೆಗೆ ನುಗ್ಗಿತು. ಕಲ್ಲಿದ್ದಲು, ಉಕ್ಕು ಎಲ್ಲ ಅಲ್ಲೇ. ಕೆಲಸ ಮಾಡಬೇಡಿ, ಸಂಬಳ ನಾವು ಕೊಡುತ್ತೇವೆ ಅಂತ ಬರ್ಲಿನ್ ಸರ್ಕಾರ ಹೇಳಿತು. ಉತ್ಪಾದನೆ ನಿಂತಿತು, ಸಂಬಳಕ್ಕೆ ನೋಟು ಅಚ್ಚಾಯಿತು. ಜನವರಿ ಕೊನೆಯಲ್ಲಿ ಸಾವಿರಗಳ ಲೆಕ್ಕದಲ್ಲಿದ್ದ ಡಾಲರ್ ನವೆಂಬರಿಗೆ 4.2 ಲಕ್ಷ ಕೋಟಿ ಮಾರ್ಕ್ ಮುಟ್ಟಿತು. ಯುದ್ಧಕ್ಕೆ ಮೊದಲು 4.2 ಮಾರ್ಕ್ ಇತ್ತು, ನೋಡಿ.

ಆಮೇಲಿನದನ್ನೇ ಯಾರೂ ಹೇಳುವುದಿಲ್ಲ. 1923ರ ನವೆಂಬರ್ 15ರಂದು ರೆಂಟೆನ್‌ಮಾರ್ಕ್ ಬಂತು. ಲಕ್ಷ ಕೋಟಿ ಹಳೇ ಮಾರ್ಕಿಗೆ ಒಂದು ಹೊಸದು. ಹಣದುಬ್ಬರ ನಿಂತೇಹೋಯಿತು. ಮರುವರ್ಷ ಪರಿಹಾರದ ಕಂತು ಹಗುರ ಮಾಡಿದ ಡಾವೆಸ್ ಯೋಜನೆ, ಅದರ ಬೆನ್ನಿಗೇ ಅಮೆರಿಕದ ಸಾಲ. 1928ರ ಮೇ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ. 2.6 ಮತ, 12 ಸ್ಥಾನ. ಬರೀ ನೋಟಿನ ಸಿಟ್ಟೇ ಆಗಿದ್ದರೆ ಆಗಲೇ ಗೆಲ್ಲಬೇಕಿತ್ತು, ಅಲ್ವಾ?

ಅವರು ಜಿಗಿದದ್ದು 1930ರಲ್ಲಿ: 107 ಸ್ಥಾನ. 1932ರ ಜುಲೈಯಲ್ಲಿ 230. ಆಗ ಬೆಲೆ ಏರುತ್ತಿರಲಿಲ್ಲ, ಇಳಿಯುತ್ತಿತ್ತು! ಬ್ರೆಡ್ ಅಗ್ಗ, ಕೊಳ್ಳಲು ಕಾಸಿಲ್ಲ. ಕೆಲಸವಿಲ್ಲದವರು 60 ಲಕ್ಷ ದಾಟಿದ್ದರು.

ಇಸವಿ_ಲೆಕ್ಕ:
ಅಯ್ಯೋ, ಇದು ಪೂರ್ತಿ ಉಲ್ಟಾ ಆಯಿತಲ್ಲ! ಹಾಗಾದರೆ 1923ಕ್ಕೂ ಹಿಟ್ಲರನಿಗೂ ಸಂಬಂಧವೇ ಇಲ್ಲವಾ? ಕೆಲಸ ಕಳೆದುಕೊಂಡವರೇ ಅವನಿಗೆ ಮತ ಹಾಕಿದರಾ, ಸರ್?

ಹಳೇನೋಟು:
ಕೆಲಸ ಕಳೆದುಕೊಂಡ ಕಾರ್ಮಿಕರು ಜಾಸ್ತಿ ಹೋಗಿದ್ದು ಕಮ್ಯುನಿಸ್ಟರ ಕಡೆಗೆ. 1932ರ ನವೆಂಬರಿನಲ್ಲಿ ಅವರಿಗೆ ಸರಿಯಾಗಿ 100 ಸ್ಥಾನ. ನಾಜಿಗಳ ಗಟ್ಟಿ ನೆಲ ಅಂದರೆ ಪ್ರಾಟೆಸ್ಟೆಂಟ್ ಹಳ್ಳಿಗಳು, ಸಣ್ಣ ಪಟ್ಟಣಗಳು. ಶ್ಲೆಸ್ವಿಗ್-ಹೋಲ್‌ಸ್ಟೈನ್ ರೈತರ ಪ್ರಾಂತ್ಯ. 1932ರ ಜುಲೈಯಲ್ಲಿ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮತ ನಾಜಿಗಳಿಗೆ. ಮಜಾ ನೋಡಿ, 1923ರಲ್ಲಿ ಲಾಭ ಮಾಡಿಕೊಂಡವರೇ ಸಾಲಗಾರ ರೈತರು. ಜಮೀನಿನ ಮೇಲಿನ ಹಳೇ ಸಾಲ ಕಾಗದವಾಗಿ ಹೋಗಿತ್ತು. 1925ರ ಕಾನೂನು ಅಡಮಾನ ಸಾಲಕ್ಕೆ ಶೇ. 25ರಷ್ಟು ಬೆಲೆ ಕಟ್ಟಿತು, ಆದರೂ ಮುಕ್ಕಾಲು ಪಾಲು ಮಾಫಿ ಆದಹಾಗೇ. ಆಮೇಲೆ ದುಬಾರಿ ಬಡ್ಡಿಗೆ ಮತ್ತೆ ಸಾಲ ಮಾಡಿದರು, ಫಸಲಿನ ಬೆಲೆ ಬಿತ್ತು, ಜಮೀನು ಹರಾಜಿಗೆ ಬಂತು.

ಆದರೆ ಸಂಬಂಧ ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಯುದ್ಧದ ಬಾಂಡ್ ಕೊಂಡಿದ್ದ ವಿಧವೆ, ಪಿಂಚಣಿದಾರ, ಉಳಿತಾಯ ಮಾಡಿದ್ದ ಮೇಷ್ಟ್ರು ಇವರೆಲ್ಲ ಬರಿಗೈ ಆದರು. ಜನರಿಂದ ಎತ್ತಿದ್ದ ಯುದ್ಧಸಾಲ ಸುಮಾರು 9,800 ಕೋಟಿ ಮಾರ್ಕ್. ಲಕ್ಷ ಕೋಟಿಗೆ ಒಂದರಂತೆ ಲೆಕ್ಕ ಹಾಕಿ: ಇಡೀ ದೇಶದ ಸಾಲ ತೀರಿಸಲು ಹತ್ತು ಫೆನಿಗ್ (ಮಾರ್ಕಿನ ನೂರನೇ ಒಂದು ಪಾಲು ಒಂದು ಫೆನಿಗ್) ಸಾಕಾಯಿತು. ಈ ಜನ ಮೊದಲು ನೆಚ್ಚಿದ್ದ ಉದಾರವಾದಿ ಪಕ್ಷಗಳು ಕರಗಿಹೋದವು. 1919ರಲ್ಲಿ ಶೇ. 18.5 ಮತ ಪಡೆದಿದ್ದ ಜರ್ಮನ್ ಡೆಮಾಕ್ರಟಿಕ್ ಪಕ್ಷ 1928ಕ್ಕೆ ಶೇ. 5ಕ್ಕಿಂತ ಕೆಳಗೆ ಇಳಿಯಿತು. ಜನ ಸಣ್ಣಪುಟ್ಟ ಪಕ್ಷಗಳಿಗೆ ಚದುರಿದರು. ಹಾಗೆ ಖಾಲಿಯಾದ ಜಾಗಕ್ಕೆ ನಾಜಿಗಳು ಬಂದು ಕೂತರು.

ಇನ್ನೊಂದು, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಬ್ರೂನಿಂಗ್ 1930ರಲ್ಲಿ ಚಾನ್ಸೆಲರ್ ಆದಾಗ ಖರ್ಚು ಮಾಡಿ ಕೆಲಸ ಹುಟ್ಟಿಸುವ ಬದಲು ಎಲ್ಲ ಕಡಿದ. 1931ರ ಡಿಸೆಂಬರಿನಲ್ಲಿ ತುರ್ತು ಆಜ್ಞೆ ಹೊರಡಿಸಿ ಕೂಲಿಯನ್ನು 1927ರ ಜನವರಿಯ ಮಟ್ಟಕ್ಕೆ ಇಳಿಸಿದ. ಪರಿಹಾರ ಕಟ್ಟಲಾಗುವುದಿಲ್ಲ ಅಂತ ತೋರಿಸುವ ಉದ್ದೇಶವೂ ಇತ್ತು. ಆದರೆ ನೋಟು ಅಚ್ಚು ಹಾಕೋಣ ಅಂದರೆ ಎಲ್ಲರಿಗೂ ಕಣ್ಣಮುಂದೆ ಬರುತ್ತಿದ್ದದ್ದು 1923. ಜನ ಅವನಿಗೆ ಹಸಿವಿನ ಚಾನ್ಸೆಲರ್ ಅಂತ ಹೆಸರಿಟ್ಟರು.

ಮೂಲೆಯವನು:
ಒಂದು ಸಣ್ಣ ಸೇರ್ಪಡೆ. 1932ರ ನವೆಂಬರಿನಲ್ಲಿ ನಾಜಿಗಳು 230ರಿಂದ 196ಕ್ಕೆ ಇಳಿದಿದ್ದರು. ಅಲ್ಲಿಯವರೆಗೆ ಬಹುಮತ ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲ. ಕುರ್ಚಿ ಕೊಟ್ಟಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್, ಒಪ್ಪಿಸಿದ್ದು ಮಾಜಿ ಚಾನ್ಸೆಲರ್ ಪಾಪೆನ್ ಮತ್ತು ಅವನ ಬಳಗ. ಹಿಟ್ಲರನನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅಂದುಕೊಂಡಿದ್ದರು ಪುಣ್ಯಾತ್ಮರು.

ಇಸವಿ_ಲೆಕ್ಕ:
ತುಂಬಾ ಥ್ಯಾಂಕ್ಸ್, ನನ್ನ ಟಿಪ್ಪಣಿ ಪೂರ್ತಿ ಹೊಡೆದುಹಾಕಿ ಮತ್ತೆ ಬರೆಯುತ್ತೇನೆ. ಹಳೇನೋಟು ಸರ್, ಸುಮ್ನೆ ಕುತೂಹಲ. ಆ ಕೆಂಪು ಮುದ್ರೆ ನೋಟಿಗೆ ಈಗ ಒಳ್ಳೇ ಬೆಲೆ ಇರಬೇಕಲ್ವಾ?

ಹಳೇನೋಟು:
ಇಲ್ಲಮ್ಮ. ಅಷ್ಟೊಂದು ಅಚ್ಚು ಹಾಕಿದ್ದರು.