ಚಾವಡಿ ಗೋಡೆಗೆ ಇ-ಪೇಪರ್ ಮಳೆ ಬೋರ್ಡು: ‘ಆರ್ದ್ರಾ’ ಒಡೆದು ಬರ್ತಾ ಉಂಟು, ಬ್ಯಾಟರಿ ನಾಲ್ಕೇ ದಿನ

ಬ್ರಹ್ಮಾವರದ_ಮಳೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಅಪ್ಪನಿಗೆ ಈಗ 74. ನನಗೆ ನೆನಪಿರುವಾಗಿನಿಂದಲೂ ಮಳೆಗಾಲದಲ್ಲಿ ಬೆಳಿಗ್ಗೆ ಎಂಟೂವರೆಗೆ ಅಂಗಳಕ್ಕೆ ಹೋಗಿ, ಮಾಪಕದ ನೀರು ಅಳೆದು, ಡೈರಿಯಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದೂ 8.30ಕ್ಕೇ. ಅದಕ್ಕೇ ಅಪ್ಪ ಆ ಸಮಯ ತಪ್ಪಿಸುವುದಿಲ್ಲ. ಕಳೆದ ವರ್ಷ ಕಣ್ಣಿನ ಆಪರೇಷನ್ ಆಯ್ತು. ಪಾಚಿ ಹಿಡಿದ ಅಂಗಳಕ್ಕೆ ಮಳೆಯಲ್ಲಿ ಇಳಿಯುವುದು ಬೇಡ ಅಂತ ಅಮ್ಮ ಹಟ ಹಿಡಿದಿದ್ದಾರೆ. ಹಾಗಾಗಿ ಮಳೆಯನ್ನು ತಾನೇ ಅಳೆದು ಚಾವಡಿಯ ಗೋಡೆಯಲ್ಲಿ ತೋರಿಸುವ ಒಂದು ಬೋರ್ಡು ಮಾಡಲು ಹೊರಟಿದ್ದೇನೆ.

ಅಂಗಳದಲ್ಲಿ ಬುಟ್ಟಿ ವಾಲುವ ಮಳೆ ಮಾಪಕ ಇಟ್ಟಿದ್ದೇನೆ. ಒಂದು ಸಲ ವಾಲಿದರೆ 0.28 ಮಿಲಿಮೀಟರ್, ಒಳಗೆ ಅಯಸ್ಕಾಂತ ಹತ್ತಿರ ಬಂದರೆ ಮುಚ್ಚಿಕೊಳ್ಳುವ ರೀಡ್ ಸ್ವಿಚ್ ಉಂಟು. ಮನೆಯೊಳಗೆ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡು, 4.2 ಇಂಚಿನ ಕಪ್ಪು-ಬಿಳಿ ಇ-ಪೇಪರ್ (ಕರೆಂಟಿಲ್ಲದೆಯೂ ಬರಹ ಉಳಿಸಿಕೊಳ್ಳುವ ಪರದೆ), ಸಮಯಕ್ಕೆ ಡಿಎಸ್3231 ಗಡಿಯಾರ ಚಿಪ್ಪು. ಬ್ಯಾಟರಿ 2600 ಎಂಎಎಚ್‌ನ ಒಂದು 18650 ಸೆಲ್, ಬೂಸ್ಟರ್‌ನಿಂದ 5 ವೋಲ್ಟ್ ಮಾಡಿ ಕೊಡುತ್ತಿದ್ದೇನೆ. ಮೊದಲು ಆರ್ಡುನೊ ಊನೊದಲ್ಲಿ ಪ್ರಯತ್ನಿಸಿದ್ದೆ. 400×300 ಚುಕ್ಕೆ ಅಂದರೆ 15,000 ಬೈಟ್, ಅದರಲ್ಲಿ ಇರುವ ಮೆಮೊರಿಯೇ 2 ಕೆಬಿ. ಬಿಟ್ಟುಬಿಟ್ಟೆ.

ಈಗ ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಅಪ್ಪನಿಗೆ ‘ಜೂನ್ 25’ ಅಂದರೆ ಸಾಲದು, ‘ಆರ್ದ್ರಾ ಮಳೆ, ನಾಲ್ಕನೇ ದಿನ’ ಅಂತ ಬೇಕು. ಅವರ ಡೈರಿ ಇರುವುದೇ ಹಾಗೆ. ಆದರೆ ಪರದೆಯಲ್ಲಿ ‘ಆರ್ದ್ರಾ’ ಬರೆದರೆ ರ, ದ, ರ ಎಲ್ಲ ಸಾಲಾಗಿ ನಿಲ್ಲುತ್ತವೆ, ನಡುವೆ ಒಂದೊಂದು ಅರ್ಧಾಕ್ಷರದ ಗುರುತು. ಒತ್ತು ಕೆಳಗೆ ಇಳಿಯುವುದೇ ಇಲ್ಲ. ಎರಡನೆಯದು, ಮೂಲೆಯಲ್ಲಿ ಗಂಟೆ ತೋರಿಸೋಣ ಅಂತ ನಿಮಿಷಕ್ಕೊಮ್ಮೆ ಆ ಜಾಗವನ್ನು ಮಾತ್ರ ಬದಲಿಸುತ್ತಿದ್ದೆ. ಎರಡು ವಾರದಲ್ಲಿ ಅಲ್ಲಿ ಹಳೆಯ ಅಂಕಿಗಳ ನೆರಳು ಕೂತಿದೆ. ಮೂರನೆಯದು ಬ್ಯಾಟರಿ. ಕೆಲಸ ಇಲ್ಲದಾಗ ಬೋರ್ಡು ಮಲಗುವಂತೆ ಡೀಪ್ ಸ್ಲೀಪ್ ಹಾಕಿದ್ದೇನೆ, ಸ್ವಿಚ್ ಮುಚ್ಚಿದಾಗ ಎದ್ದು ಎಣಿಸುತ್ತದೆ. ಆದರೂ ನಾಲ್ಕೇ ದಿನಕ್ಕೆ ಖಾಲಿ.

ಅಪ್ಪ ದಿನಾ ಬಂದು ಬೋರ್ಡಿನ ಎದುರು ನಿಂತು ನೋಡುತ್ತಾರೆ, ಏನೂ ಹೇಳುವುದಿಲ್ಲ. ಇದನ್ನು ಸರಿ ಮಾಡಲೇಬೇಕು.

ಕಲ್ಲಡ್ಕ_ಟೀ:

ಇಷ್ಟು ಕಷ್ಟ ಯಾಕೆ? ಮೊಬೈಲಿನಂತೆ ಹೊಳೆಯುವ ಒಂದು ಸಣ್ಣ ಟಿಎಫ್‌ಟಿ ಪರದೆ ಹಾಕಿ, ಅಡಾಪ್ಟರ್ ಚುಚ್ಚಿ. ಬಣ್ಣವೂ ಬರುತ್ತದೆ, ಬೇಗ ಬದಲಾಗುತ್ತದೆ.

ಬ್ರಹ್ಮಾವರದ_ಮಳೆ:

ಯೋಚಿಸಿದ್ದೆ. ಆದರೆ ನಮ್ಮಲ್ಲಿ ಮಳೆ ಜೋರಾದ ದಿನವೇ ಕರೆಂಟು ಹೋಗುವುದು, ಮಳೆಯ ಲೆಕ್ಕ ಬೇಕಾಗುವುದೂ ಆ ದಿನವೇ. ಚಾವಡಿಯಲ್ಲಿ ರಾತ್ರಿಯಿಡೀ ಏನೋ ಹೊಳೆಯುತ್ತಿದ್ದರೆ ಅಪ್ಪನಿಗೆ ಆಗುವುದಿಲ್ಲ. ಇ-ಪೇಪರ್ ಕಾಗದದ ಹಾಗೇ ಇರುತ್ತದೆ, ಅದಕ್ಕೆ.

ಕದ್ರಿ_ಸೋಲ್ಡರ್:

ಸರಿಯಾದ ಪರದೆಯನ್ನೇ ತೆಗೆದುಕೊಂಡಿದ್ದೀರಿ, ಬದಲಿಸಬೇಡಿ. ದಿನಕ್ಕೊಮ್ಮೆ ಬದಲಾಗುವ ವಿಷಯಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ನಾನು ಆರು ವರ್ಷದಿಂದ ಇದರ ಜೊತೆ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಮೂರು ತೊಂದರೆಯೂ ನನಗೆ ಆದದ್ದೇ.

ಮೊದಲು ಬ್ಯಾಟರಿ. 2600ನ್ನು 96 ಗಂಟೆಯಿಂದ ಭಾಗಿಸಿ. 27 ಮಿಲಿಆಂಪ್ ಬರುತ್ತದೆ. ನಿಜವಾಗಿ ಮಲಗಿದ ಇಎಸ್‌ಪಿ32 ಚಿಪ್ಪಿಗೆ ಬೇಕಾಗುವುದು 10 ಮೈಕ್ರೋಆಂಪ್ ಆಸುಪಾಸು. ಅಂದರೆ ನಿಮ್ಮದು ಮಲಗಿಯೇ ಇಲ್ಲ ಮಾರಾಯ್ರೆ! ಸ್ವಲ್ಪ ಭಾಗ ಬೋರ್ಡಿನದ್ದು. ಆ ಬೋರ್ಡಿನ ಮೇಲೆ ಸಾಮಾನ್ಯವಾಗಿ ಇರುವ, ವೋಲ್ಟೇಜ್ ಇಳಿಸಿ ಕೊಡುವ ಎಎಂಎಸ್1117 ರೆಗ್ಯುಲೇಟರ್ ಸುಮ್ನೆ ಕೂತರೂ 5 ಮಿಲಿಆಂಪ್ ಹತ್ತಿರ ತಿನ್ನುತ್ತದೆ. ಅದರ ಜೊತೆ ಕೆಂಪು ದೀಪ, ಯುಎಸ್‌ಬಿ ಚಿಪ್ಪು, ನಿಮ್ಮ ಬೂಸ್ಟರ್. ಆದರೆ ಇವಿಷ್ಟೇ ಸೇರಿ 27 ಆಗುವುದು ಕಷ್ಟ.

ನನ್ನ ಸಂಶಯ ಬುಟ್ಟಿಯ ಮೇಲೆ. ಮಳೆ ನಿಂತಾಗ ಬುಟ್ಟಿ ಅರ್ಧಕ್ಕೆ ವಾಲಿ ನಿಂತರೆ ಅದರ ಅಯಸ್ಕಾಂತ ಸ್ವಿಚ್ಚಿನ ಎದುರಿಗೇ ಇರುತ್ತದೆ, ಸ್ವಿಚ್ ಮುಚ್ಚಿಯೇ ಇರುತ್ತದೆ. ಇಎಸ್‌ಪಿ32ರ ಆ ಎಬ್ಬಿಸುವ ಪಿನ್ನು ನೋಡುವುದು ಮಟ್ಟವನ್ನು, ಬದಲಾವಣೆಯನ್ನಲ್ಲ. ಸ್ವಿಚ್ ಮುಚ್ಚಿದ್ದಷ್ಟು ಹೊತ್ತೂ ಮಲಗಿದ ಕೂಡಲೇ ಎಬ್ಬಿಸುತ್ತದೆ. ಇಡೀ ರಾತ್ರಿ ಹಾಗೇ. ಇದನ್ನು ಹಿಡಿಯಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ಪರಿಹಾರ ಸುಲಭ: ಎಣಿಸಿದ ಮೇಲೆ ಸ್ವಿಚ್ ಇನ್ನೂ ಮುಚ್ಚಿದ್ದರೆ ‘ತೆರೆದಾಗ ಎಬ್ಬಿಸು’ ಅಂತ ಹೇಳಿ ಮಲಗಿಸಿ. ತೆರೆದ ಮೇಲೆ ಮತ್ತೆ ‘ಮುಚ್ಚಿದಾಗ ಎಬ್ಬಿಸು’. ನಾಲ್ಕು ಸಾಲಿನ ಕೋಡು. ಬೂಸ್ಟರ್ ತೆಗೆದು ರೆಗ್ಯುಲೇಟರ್ ಆಗಿ ಎಚ್‌ಟಿ7333 ಹಾಕಿ, ಅದು ತಾನು ಬಳಸುವುದು ಕೆಲವೇ ಮೈಕ್ರೋಆಂಪ್. ಅದರ ಮಿತಿ 250 ಮಿಲಿಆಂಪ್. ಹಾಗಾಗಿ ವೈಫೈ ಆನ್ ಮಾಡಬೇಡಿ, ನಿಮಗೆ ಬೇಡವೂ ಬೇಡ. ಸಾಧ್ಯವಾದರೆ ಪೂರ್ತಿ ಬೋರ್ಡಿನ ಬದಲು ಬರೀ ಮಾಡ್ಯೂಲ್ ಬಳಸಿ. ಎಣಿಕೆ ಇರುವುದು ಮಲಗಿದಾಗಲೂ ಉಳಿಯುವ ಆರ್‌ಟಿಸಿ ಮೆಮೊರಿಯಲ್ಲಿ ಅಲ್ವಾ? ಸೆಲ್ ಬದಲಿಸಿದರೆ ಅದು ಅಳಿಸಿಹೋಗುತ್ತದೆ. ದಿನಾ 8.30ಕ್ಕೆ ಒಟ್ಟು ಮೊತ್ತವನ್ನು ಕರೆಂಟು ಹೋದರೂ ಅಳಿಯದ ಫ್ಲಾಶ್‌ಗೆ ಬರೆದಿಡಿ.

ಇನ್ನು ನೆರಳು. ಆ ಪರದೆಯೊಳಗೆ ಇರುವುದು ಪುಟ್ಟ ಪುಟ್ಟ ಗುಳ್ಳೆಗಳು. ಪ್ರತಿಯೊಂದರಲ್ಲೂ ಎಣ್ಣೆಯಂಥ ದ್ರವ, ಅದರಲ್ಲಿ ತೇಲುವ ಬಿಳಿ ಕಣ, ಕಪ್ಪು ಕಣ. ಬಿಳಿಗೆ ಒಂದು ವಿದ್ಯುತ್, ಕಪ್ಪಿಗೆ ಅದರ ವಿರುದ್ಧದ್ದು. ವೋಲ್ಟೇಜ್ ಕೊಟ್ಟರೆ ಒಂದು ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ. 1997ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಶುರು ಮಾಡಿದ ಇ ಇಂಕ್ ಕಂಪನಿಯ ಉಪಾಯ ಇದೇ. ಪೂರ್ತಿ ರಿಫ್ರೆಶ್‌ನಲ್ಲಿ ಪರದೆ ಕಪ್ಪು ಬಿಳಿ ಅಂತ ಮಿಟುಕುತ್ತದಲ್ಲ, ಅದು ಎಲ್ಲ ಕಣಗಳನ್ನೂ ಆ ತುದಿಯಿಂದ ಈ ತುದಿಗೆ ಓಡಿಸುವುದು. ಒಂದು ಜಾಗ ಮಾತ್ರ ಬದಲಿಸುವ ಅರ್ಧ ರಿಫ್ರೆಶ್‌ನಲ್ಲಿ ಆ ಓಟ ಇಲ್ಲ. ಕೆಲವು ಕಣ ನಡುವೆಯೇ ಉಳಿಯುತ್ತವೆ, ಅದೇ ನಿಮಗೆ ಕಾಣುವ ನೆರಳು. ತಯಾರಕರು ಎರಡು ರಿಫ್ರೆಶ್ ನಡುವೆ ಕನಿಷ್ಠ 180 ಸೆಕೆಂಡು ಬಿಡಿ ಅನ್ನುತ್ತಾರೆ. ದಿನಕ್ಕೊಮ್ಮೆಯಾದರೂ ಬದಲಿಸಿ ಅಂತಲೂ ಹೇಳುತ್ತಾರೆ. ಗಂಟೆ ತೆಗೆದುಬಿಡಿ, ಚಾವಡಿಯಲ್ಲಿ ಗೋಡೆ ಗಡಿಯಾರ ಇದ್ದೇ ಇರುತ್ತದೆ. ಈಗ ಪೂರ್ತಿ ಕಪ್ಪು, ಪೂರ್ತಿ ಬಿಳಿ ಅಂತ ನಡುವೆ ಬಿಡುವು ಕೊಟ್ಟು ಒಂದು ಹತ್ತು ಸಲ ಮಾಡಿ ನೋಡಿ, ಹೆಚ್ಚಿನದ್ದು ಹೋಗುತ್ತದೆ.

ಒಂದು ಪ್ರಶ್ನೆ. ಬರೆದ ಮೇಲೆ ಪರದೆಯನ್ನು ಮಲಗಿಸುವ ‘ಹೈಬರ್ನೇಟ್’ ಆದೇಶ ಕರೆಯುತ್ತಿದ್ದೀರಾ? ಇಲ್ಲದಿದ್ದರೆ ಪರದೆಯ ಮೇಲೆ ಹೆಚ್ಚಿನ ವೋಲ್ಟೇಜ್ ಹಾಗೇ ನಿಲ್ಲುತ್ತದೆ. ಕೊನೆಗೆ ಪರದೆಯೇ ಹಾಳಾಗುತ್ತದೆ, ಆಮೇಲೆ ಏನು ಮಾಡಿದರೂ ಬರುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ, ಇದು ನನಗೆ ತುಂಬ ಬೇಕಾದ ಮಾತು. ಪರದೆಗೆ ಬರೆಯಲು ನಾವು ಬಳಸುವ ಸಿದ್ಧ ಕೋಡಿನ ಲೈಬ್ರರಿಗಳು ಒಂದು ಅಕ್ಷರ ಆಯ್ತು, ಮುಂದಿನದು ಅಂತ ಎಡದಿಂದ ಬಲಕ್ಕೆ ಇಡುತ್ತಾ ಹೋಗುತ್ತವೆ. ‘ಆರ್ದ್ರಾ’ದಲ್ಲಿ ಅರ್ಕಾವತ್ತು ಬಲಕ್ಕೆ ಹೋಗಬೇಕು, ದಕ್ಕೆ ರ ಒತ್ತಾಗಬೇಕು, ಮೇಲೆ ದೀರ್ಘ ಸೇರಬೇಕು. ಅದನ್ನು ಲೆಕ್ಕ ಹಾಕುವ ಭಾಗ ಕಂಪ್ಯೂಟರಿನಲ್ಲಿ ಉಂಟು, ಈ ಲೈಬ್ರರಿಯಲ್ಲಿ ಇಲ್ಲ. ಹಾಗಂತ ‘ARDRA’ ಅಂತ ಇಂಗ್ಲಿಷಿನಲ್ಲಿ ಹಾಕಿ ಮುಗಿಸಬೇಡಿ, ದಯವಿಟ್ಟು. ಬಹಳ ಜನ ಅಲ್ಲಿಗೇ ಸೋತು ನಿಲ್ಲುತ್ತಾರೆ.

ನಿಮಗೆ ಬೇಕಾದ ಪದಗಳು ಎಷ್ಟು? ಮೃಗಶಿರಾ, ಆರ್ದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಖಾ, ಹೀಗೆ ಸ್ವಾತಿಯವರೆಗೆ ಹೋದರೂ ಹನ್ನೊಂದು. ಕಂಪ್ಯೂಟರಿನಲ್ಲಿ ಪ್ರತಿ ಹೆಸರನ್ನೂ ನೋಟೊ ಸಾನ್ಸ್ ಕನ್ನಡ ಫಾಂಟಿನ ದಪ್ಪ ಅಕ್ಷರದಲ್ಲಿ ಬರೆದು ಚಿತ್ರ ಮಾಡಿ. ಅಗಲ 8ರಿಂದ ಭಾಗವಾಗುವಂತೆ ಇರಲಿ. ಬೂದು ಬಣ್ಣ ಬೇಡ, ಬರೀ ಕಪ್ಪು-ಬಿಳಿ. ತೆಳು ಅಕ್ಷರ ತೆಗೆದುಕೊಂಡರೆ ಒತ್ತಿನ ಬಾಲ ತುಂಡಾಗುತ್ತದೆ, ಅದಕ್ಕೇ ದಪ್ಪದ್ದು. ಆಮೇಲೆ ಚಿತ್ರವನ್ನು ಕೋಡಾಗಿ ಬದಲಿಸುವ ಇಮೇಜ್2ಸಿಪಿಪಿಯಲ್ಲಿ ಹಾಕಿದರೆ ಬೈಟ್‌ಗಳ ಪಟ್ಟಿ ಸಿಗುತ್ತದೆ. 200×48ರ ಒಂದು ಹೆಸರಿಗೆ 1,200 ಬೈಟ್. ಹನ್ನೊಂದಕ್ಕೆ 13 ಕೆಬಿ, ನಿಮ್ಮಲ್ಲಿ 4 ಎಂಬಿ ಫ್ಲಾಶ್ ಉಂಟು. ಅಂಕಿಗಳೂ ಹಾಗೇ, ೦ಯಿಂದ ೯ರವರೆಗೆ ಹತ್ತು ಚಿತ್ರ. ಆರ್ದ್ರಾ ಜೂನ್ 22ರ ಸುಮಾರಿಗೆ ಶುರು, ಪುನರ್ವಸು ಜುಲೈ 6ರ ಸುಮಾರಿಗೆ. ಒಂದು ದಿನ ಆಚೀಚೆ ಆಗುತ್ತದೆ, ಅಪ್ಪನ ಪಂಚಾಂಗ ನೋಡಿ ವರ್ಷಕ್ಕೊಮ್ಮೆ ಪಟ್ಟಿ ತಿದ್ದಿ.

ಕೊನೆಯದಾಗಿ, ನೀವು ಕೇಳದೇ ಇದ್ದರೂ ಹೇಳಲೇಬೇಕಾದದ್ದು. ನಮ್ಮ ಮನೆಯ ಟ್ಯಾಂಕಿನ ನೀರು ತೋರಿಸಲು ಇಂಥದೇ ಬೋರ್ಡು ಮಾಡಿದ್ದೆ. ಒಂದು ಬೇಸಿಗೆಯಲ್ಲಿ, ನೀರು ದಿನ ಬಿಟ್ಟು ದಿನ ಬರುತ್ತಿದ್ದಾಗ, ಬೋರ್ಡು ‘ಮುಕ್ಕಾಲು’ ಅಂತ ತೋರಿಸುತ್ತಲೇ ಇತ್ತು. ಸೆಲ್ ಸತ್ತು ಮೂರು ದಿನ ಆಗಿತ್ತು. ಮನೆಯಲ್ಲಿ ಹುಷಾರಿಲ್ಲದ ಅತ್ತೆ ಇದ್ದರು, ಟ್ಯಾಂಕು ಒಣಗಿತ್ತು. ಬೇರೆ ಪರದೆ ಸತ್ತರೆ ಕತ್ತಲಾಗುತ್ತದೆ, ಗೊತ್ತಾಗುತ್ತದೆ. ಇದು ಸತ್ತರೂ ಮುಖ ಬದಲಿಸುವುದಿಲ್ಲ. ಹಾಗಾಗಿ ಯಾವತ್ತಿನ ಲೆಕ್ಕ ಅನ್ನುವುದನ್ನು ದೊಡ್ಡದಾಗಿ ಬರೆಯಿರಿ, ಮೂಲೆಯಲ್ಲಿ ಸಣ್ಣದಾಗಿ ಅಲ್ಲ. ಸೆಲ್ 3.5 ವೋಲ್ಟಿಗೆ ಇಳಿದರೆ ‘ಸೆಲ್ ಬದಲಿಸಿ’ ಅಂತ ಬರಲಿ. ಅದಕ್ಕೂ ಒಂದು ಚಿತ್ರ ಮಾಡಿಡಿ.

ಸುರತ್ಕಲ್_ಗಾಳಿ:

ಮೇಲಿನವರು ಎಲ್ಲ ಹೇಳಿದ್ದಾರೆ. ಕಡಲ ಹತ್ತಿರದವಳಾಗಿ ಒಂದೆರಡು ಸೇರಿಸುತ್ತೇನೆ. ಚುಚ್ಚುವ ಜಂಪರ್ ವಯರು ಹಾಗೇ ಬಿಡಬೇಡಿ. ನಮ್ಮಲ್ಲಿ ಒಂದು ಮಳೆಗಾಲಕ್ಕೆ ಪಿನ್ನು ಹಸಿರಾಗಿತ್ತು. ಮೊದಲು ಕೈಕೊಟ್ಟದ್ದು ‘ಬಿಸಿ’ (BUSY, ಪರದೆ ಕೆಲಸದಲ್ಲಿದೆ ಅಂತ ತಿಳಿಸುವ) ಪಿನ್ನಿನ ವಯರು, ಆಮೇಲೆ ಬರೀ ‘ಬಿಸಿ ಟೈಮೌಟ್’ ಅಂತ ಬರುತ್ತಿತ್ತು. ನಾನು ಪರದೆಯೇ ಹೋಯ್ತು ಅಂತ ಇನ್ನೊಂದು ತರಿಸಿಬಿಟ್ಟೆ. ಎಂಟು ವಯರನ್ನೂ ಸೋಲ್ಡರ್ ಮಾಡಿ. ಪರದೆಯ ಪಟ್ಟಿ ಕೇಬಲನ್ನು ಗಾಜಿನ ಅಂಚಿನಲ್ಲಿ ಮಡಚಬೇಡಿ, ತುಂಡಾದರೆ ಅಂಟಿಸಲು ಬರುವುದಿಲ್ಲ. ಫೋಟೋ ಫ್ರೇಮ್ ಅಂಗಡಿಯಲ್ಲಿ ಆಳವಾದ ಫ್ರೇಮ್ ಮಾಡಿಸಿ, ಹಿಂದೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೇರ ಬಿಸಿಲು ಬೀಳುವ ಗೋಡೆ ಬೇಡ.

ಮತ್ತೆ, ಜೋರು ಮಳೆಯಲ್ಲಿ ಈ ಬುಟ್ಟಿ ಕಡಿಮೆ ಲೆಕ್ಕ ಕೊಡುತ್ತದೆ. ವಾಲುವ ಆ ಕ್ಷಣದಲ್ಲಿ ಬೀಳುವ ನೀರು ಎಣಿಕೆಗೆ ಸಿಗುವುದಿಲ್ಲ. ನಮ್ಮ ಊರಿನ ಮಳೆಗೆ ಇದು ಸಣ್ಣ ವಿಷಯ ಅಲ್ಲ. ಅಪ್ಪನ ಹಳೆಯ ಮಾಪಕ ಎಸೆಯಬೇಡಿ, ಪಕ್ಕದಲ್ಲೇ ಇರಲಿ.

ಬ್ರಹ್ಮಾವರದ_ಮಳೆ:

ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಬುಟ್ಟಿ ಅರ್ಧಕ್ಕೆ ನಿಲ್ಲುವುದು ನಿಜವೇ ಆಗಿತ್ತು. ಮಳೆ ಬಿಟ್ಟಾಗ ಹೋಗಿ ನೋಡಿದೆ, ಒಂದು ಇರುವೆ ಗೂಡಿನ ಮಣ್ಣು ಕೀಲಿಗೆ ಹಿಡಿದಿತ್ತು. ತೊಳೆದೆ, ಕೋಡೂ ತಿದ್ದಿದೆ. ಸೆಲ್ 4.1 ವೋಲ್ಟಿನಿಂದ ಇನ್ನೂ ಇಳಿದಿಲ್ಲ. ಹೈಬರ್ನೇಟ್ ಇರಲೇ ಇಲ್ಲ, ಈಗ ಹಾಕಿದ್ದೇನೆ. ನೆರಳಿನಲ್ಲಿ ಒಂದು ‘8’ ಮಾತ್ರ ಓರೆಯಾಗಿ ನೋಡಿದರೆ ಕಾಣುತ್ತದೆ.

ಸುರತ್ಕಲ್ ಅಕ್ಕ ಹೇಳಿದ್ದು ಸರಿ. ಮೊನ್ನೆಯ ದೊಡ್ಡ ಮಳೆಗೆ ಬೋರ್ಡು 131 ಅಂದಿತು, ಅಪ್ಪನ ಜಾಡಿ 146. ಆ ದಿನ ಅಮ್ಮ ಕೊಡೆ ಹಿಡಿದು ಜೊತೆಗೆ ಹೋಗಿದ್ದರು. ಈಗ ಅಪ್ಪ ಡೈರಿಯಲ್ಲಿ ಎರಡು ಕಾಲಂ ಮಾಡಿದ್ದಾರೆ, ‘ಜಾಡಿ’ ಮತ್ತು ‘ಬೋರ್ಡು’. ಸಣ್ಣ ಮಳೆಯ ದಿನ ಅಂಗಳಕ್ಕೆ ಇಳಿಯುವುದಿಲ್ಲ.

‘ಆರ್ದ್ರಾ’ ಸರಿಯಾಗಿ ಬಂದ ಬೆಳಿಗ್ಗೆ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ಓದಿದರು. ಆಮೇಲೆ ಹೇಳಿದ್ದು ಒಂದೇ, ‘ಮಖಾ’ ಬೇಡ, ನಮ್ಮಲ್ಲಿ ‘ಮಖೆ’ ಅನ್ನುವುದು. ಆ ಒಂದು ಚಿತ್ರ ಇವತ್ತು ರಾತ್ರಿ ಬದಲಿಸುತ್ತೇನೆ.

ಜೋರು ಮಳೆಯ ಕೊರತೆಗೆ ಕೋಡಿನಲ್ಲಿ ತಿದ್ದುಪಡಿ ಹಾಕಿದವರು ಯಾರಾದರೂ ಇದ್ದೀರಾ? ಎರಡು ವಾಲುವಿಕೆಯ ನಡುವಿನ ಸೆಕೆಂಡು ನೋಡಿ ಸರಿಪಡಿಸಬಹುದು ಅನಿಸುತ್ತದೆ. ಅಪ್ಪನ ಎರಡು ಕಾಲಂ ಇಡೀ ಮಳೆಗಾಲ ತುಂಬಿದ ಮೇಲೆ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.