ಮೂರು ವಾರ, ಮೂರು ಲೆಕ್ಕ: ಯಾವ ಎರರ್ ಬಾರ್ ಹಾಕಲಿ?

ಪ್ರಶ್ನೆ:
ಇ. ಕೋಲೈ ಬ್ಯಾಕ್ಟೀರಿಯಾದ ಬಿಎಲ್21 ಡಿಇ3 ತಳಿಯಲ್ಲಿ ಒಂದು ಪ್ರೋಟೀನ್ ಮಾಡಿಸುತ್ತಿದ್ದೇನೆ. ಆ ಪ್ರೋಟೀನಿನ ಜೀನ್ ಹೊತ್ತ ಪ್ಲಾಸ್ಮಿಡ್‌ನಲ್ಲಿ (ಪುಟ್ಟ ಡಿಎನ್‌ಎ ಉಂಗುರ) ಇನ್ನೊಂದು ಇರುವುದು ಆಂಪಿಸಿಲಿನ್ ಎಂಬ ಆಂಟಿಬಯೋಟಿಕ್ ತಡೆದುಕೊಳ್ಳುವ ಜೀನ್. ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.6 ಆದಾಗ ಪ್ರೋಟೀನ್ ತಯಾರಿಕೆ ಶುರು ಮಾಡಿಸುವ ಐಪಿಟಿಜಿ ಹಾಕಿ, 37 ಡಿಗ್ರಿಯಲ್ಲಿ 4 ಗಂಟೆ ಬಿಡುತ್ತೇನೆ. ಮೊದಲ ವಾರ ಲೀಟರ್‌ಗೆ 12 ಮಿಲಿಗ್ರಾಂ ಸಿಕ್ಕಿತು. ಎರಡನೇ ವಾರ 21. ಮೂರನೇ ವಾರ 9! ಅದೇ ಕೈ, ಅದೇ ಫ್ಲಾಸ್ಕ್. ಆದರೆ ಮೊದಲ ವಾರದ ಸ್ಯಾಂಪಲ್ಲನ್ನೇ ಮೂರು ಸಲ ಅಳೆದರೆ 11.6, 12.0, 12.4. ಎಷ್ಟು ಚೆಂದ, ಅಲ್ವಾ? ಗ್ರಾಫಿಗೆ ಈ ಪುಟ್ಟ ಎರರ್ ಬಾರ್ (ಅಳತೆ ಎಷ್ಟು ಏರಿಳಿಯುತ್ತದೆ ಎಂದು ತೋರಿಸುವ ಗೆರೆ) ಹಾಕಬಹುದಾ? ನಮ್ಮ ಗೈಡ್‌ಗೆ ಪುಟ್ಟದೇ ಇಷ್ಟ.

ಉತ್ತರ 1:
ನಿಮ್ಮ ಕೈ ಪಿಪೆಟ್ ಮೇಲೆ ಚೆನ್ನಾಗಿ ಕೂತಿದೆ ಅಂತ ಅದರಿಂದ ಗೊತ್ತಾಗುತ್ತದೆ, ಅಷ್ಟೇ. ಅಲ್ಲಿ ಸಿವಿ (ಸರಾಸರಿಯ ನೂರಕ್ಕೆ ಎಷ್ಟು ಏರಿಳಿತ) ಸುಮಾರು 3%. ಮೂರು ವಾರದ್ದು ಸೇರಿಸಿದರೆ ಸರಾಸರಿ 14, ಎಸ್‌ಡಿ (ಸರಾಸರಿಯಿಂದ ಚದುರಿಕೆ) 6.2, ಸಿವಿ 45%ರ ಹತ್ತಿರ. ತೋರಿಸಬೇಕಾದ್ದು ಇದನ್ನು. ಒಂದೇ ಫ್ಲಾಸ್ಕನ್ನು ಮೂವತ್ತು ಸಲ ಅಳೆದರೂ ಎನ್, ಅಂದರೆ ಬೇರೆ ಬೇರೆಯಾಗಿ ಮಾಡಿದ ಪ್ರಯೋಗಗಳ ಸಂಖ್ಯೆ, ಒಂದೇ. ಬಾರ್ ಚಿಕ್ಕದಾಗಲಿ ಅಂತ ಎಸ್‌ಇಎಂ (ಎಸ್‌ಡಿಯನ್ನು ಎನ್‌ನ ವರ್ಗಮೂಲದಿಂದ ಭಾಗಿಸಿದ್ದು) ಹಾಕುವ ಆಟವೂ ಬೇಡ. ಇರುವುದೇ ಮೂರು, ಮೂರೂ ಚುಕ್ಕೆ ಇಟ್ಟುಬಿಡಿ.

ಉತ್ತರ 2:
ಬಾರ್ ಹಾಗಿರಲಿ. ದೊಡ್ಡ ಫ್ಲಾಸ್ಕಿಗೆ ಬೀಜವಾಗುವ ಸ್ಟಾರ್ಟರ್ ಕಲ್ಚರ್ ಎಲ್ಲಿಂದ ಹಾಕಿದಿರಿ?

ಪ್ರಶ್ನೆ ಕೇಳಿದವರು:
ಮೊದಲ ಸಲ ಫ್ರಿಜ್‌ನಲ್ಲಿದ್ದ ಪ್ಲೇಟಿನಿಂದ. ಎರಡನೇ ಸಲ ಹೊಸದಾಗಿ ಟ್ರಾನ್ಸ್‌ಫಾರ್ಮ್ ಮಾಡಿ, ಅಂದರೆ ಬ್ಯಾಕ್ಟೀರಿಯಾಕ್ಕೆ ಪ್ಲಾಸ್ಮಿಡ್ ಸೇರಿಸಿ. ಮೂರನೇ ಸಲ ಮತ್ತೆ ಹಳೇ ಪ್ಲೇಟ್. ಅವತ್ತು ಸೆಮಿನಾರ್ ಇತ್ತು, ರಾತ್ರಿ ಹಾಕಿದ್ದನ್ನು ಮರುದಿನ ಮಧ್ಯಾಹ್ನ ತೆಗೆದೆ.

ಉತ್ತರ 2:
ಸಿಕ್ಕಿತು ನೋಡಿ. ಹಾಗಾದರೆ 'ಅದೇ ಪ್ರಯೋಗ' ಮೂರು ಸಲ ಆಗಲೇ ಇಲ್ಲ. ಕಲ್ಚರ್ ಜಾಸ್ತಿ ಹೊತ್ತು ಇದ್ದಷ್ಟೂ ಆಂಪಿಸಿಲಿನ್ ಒಡೆಯುವ ಬೀಟಾ ಲ್ಯಾಕ್ಟಮೇಸ್ ಕಿಣ್ವ ಹೊರಗೆ ಸೇರುತ್ತದೆ, ಆಂಪಿಸಿಲಿನ್ ಮುಗಿಯುತ್ತದೆ. ಆಮೇಲೆ ಪ್ಲಾಸ್ಮಿಡ್ ಕಳೆದುಕೊಂಡ ಬ್ಯಾಕ್ಟೀರಿಯಾವೂ ಹಾಯಾಗಿ ಬೆಳೆಯುತ್ತದೆ. ಓಡಿಗೆ ಅದೆಲ್ಲ ಗೊತ್ತಾಗುವುದಿಲ್ಲ, 0.6 ಅಂತಲೇ ತೋರಿಸುತ್ತದೆ. ಐಪಿಟಿಜಿ ಹಾಕುವ ಮುಂಚೆ ಸ್ವಲ್ಪ ತೆಗೆದು, ತೆಳು ಮಾಡಿ, ಆಂಪಿಸಿಲಿನ್ ಇರುವ ಪ್ಲೇಟಿಗೂ ಇಲ್ಲದ ಪ್ಲೇಟಿಗೂ ಸಮನಾಗಿ ಹರಡಿ ನೋಡಿ.

ಪ್ರಶ್ನೆ ಕೇಳಿದವರು:
ಮೂರನೇ ವಾರದ ಥರವೇ ಬೇಕಂತಲೇ ತಡ ಮಾಡಿ ನೋಡಿದೆ. ಆಂಪಿಸಿಲಿನ್ ಇಲ್ಲದ ಪ್ಲೇಟಿನಲ್ಲಿ 187 ಕಾಲೊನಿ, ಇರುವುದರಲ್ಲಿ 52. ನೂರಕ್ಕೆ ಎಪ್ಪತ್ತು ಪ್ಲಾಸ್ಮಿಡ್ ಇಲ್ಲದೆ ಸುಮ್ನೆ ತಿಂದುಕೊಂಡು ಕೂತಿದ್ದವು! ಇನ್ನು ಪ್ರತಿ ಸಲವೂ ಹೊಸ ಟ್ರಾನ್ಸ್‌ಫಾರ್ಮೇಶನ್, ಆಂಪಿಸಿಲಿನ್ ಬದಲು ಬೇಗ ಹಾಳಾಗದ ಕಾರ್ಬೆನಿಸಿಲಿನ್. ಹಳೇ ಗ್ರಾಫಿನಲ್ಲಿ ಬಾರ್ ತೆಗೆದು ಮೂರು ಚುಕ್ಕೆ ಇಟ್ಟಿದ್ದೇನೆ. ಗೈಡ್ ಇನ್ನೂ ನೋಡಿಲ್ಲ.